ಬೆಂಕಿಕಡ್ಡಿ ಮತ್ತು ಕೊಳ್ಳುವವನ ಹೊಣೆ

ಬೆಂಕಿಕಡ್ಡಿಯಷ್ಟು ಅಲ್ಪಾಯುಷಿಯಾದ ವಸ್ತು ಮನೆಯಲ್ಲಿ ಇನ್ನೊಂದಿಲ್ಲ. ಗೀರಿದರೆ ಒಂದು ಕ್ಷಣ ಉರಿ, ಆಮೇಲೆ ಕಸ. ಇಷ್ಟು ಅಗ್ಗದ ವಸ್ತುವನ್ನು ಕೊಳ್ಳುವವನಿಗೂ ನೈತಿಕ ಹೊಣೆ ಇದೆ ಎನ್ನುವುದು ಕಡ್ಡಿಯನ್ನು ಗುಡ್ಡ ಮಾಡಿದಂತೆ ಕಾಣಬಹುದು. ಆದರೆ ಲಂಡನ್ನಿನ ಒಂದು ಮುಷ್ಕರದ ಕತೆ ಓದಿದ ಮೇಲೆ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

1888ರ ಜುಲೈನಲ್ಲಿ ಪೂರ್ವ ಲಂಡನ್ನಿನ ಬೋ ಪ್ರದೇಶದ ಬ್ರಯಂಟ್ ಅಂಡ್ ಮೇ ಬೆಂಕಿಪೊಟ್ಟಣ ಕಾರ್ಖಾನೆಯಿಂದ ಸುಮಾರು 1,400 ಹೆಂಗಸರು, ಹುಡುಗಿಯರು ಕೆಲಸ ಬಿಟ್ಟು ಹೊರನಡೆದರು. ಅದಕ್ಕೆ ಕೆಲವೇ ದಿನಗಳ ಹಿಂದೆ ಆನಿ ಬೆಸೆಂಟ್ ಅವರ ದುಃಸ್ಥಿತಿಯ ಬಗ್ಗೆ ಲೇಖನ ಬರೆದಿದ್ದರು. ಮುಂದೆ ಭಾರತಕ್ಕೆ ಬಂದು ಹೋಂ ರೂಲ್ ಚಳವಳಿ ನಡೆಸಿದ ಬೆಸೆಂಟರೇ ಇವರು. ಪುಡಿಗಾಸಿನ ಕೂಲಿ, ತಡವಾದರೆ ದಂಡ, ಮಾತಾಡಿದರೆ ದಂಡ. ಲೇಖನದಲ್ಲಿರುವುದೆಲ್ಲ ಸುಳ್ಳು ಎಂದು ಸಹಿ ಹಾಕಲು ಕಂಪನಿ ಒತ್ತಾಯಿಸಿತು. ಅವರು ಹಾಕಲಿಲ್ಲ.

ಕಡ್ಡಿಯ ತುದಿಗೆ ಹಚ್ಚುತ್ತಿದ್ದ ಬಿಳಿ ರಂಜಕ ವಿಷ. ಅದರ ಹೊಗೆಯಲ್ಲಿ ದುಡಿದವರ ದವಡೆಯ ಮೂಳೆ ಕೊಳೆಯುತ್ತಿತ್ತು. ಊಟಕ್ಕೆ ಬೇರೆ ಕೋಣೆಯಿಲ್ಲದೆ ಕೆಲಸದ ಜಾಗದಲ್ಲೇ ಉಣ್ಣುವಾಗ ಆ ವಿಷ ಅನ್ನದ ಜೊತೆಗೇ ಹೊಟ್ಟೆ ಸೇರುತ್ತಿತ್ತು. ಎರಡು ವಾರಗಳಲ್ಲಿ ಮುಷ್ಕರ ಗೆದ್ದಿತು. ದಂಡಗಳು ರದ್ದಾದವು, ಊಟಕ್ಕೆ ಪ್ರತ್ಯೇಕ ಜಾಗದ ಭರವಸೆ ಸಿಕ್ಕಿತು, ಕಾರ್ಮಿಕ ಸಂಘ ಹುಟ್ಟಿತು. ಆದರೆ ಬಿಳಿ ರಂಜಕ ಆ ಕಾರ್ಖಾನೆಯಿಂದ ಹೋದದ್ದು 1901ರಲ್ಲಿ.

ಬೇರೆ ದಾರಿ ಇರಲಿಲ್ಲವೇ? ಇತ್ತು. ಪೊಟ್ಟಣದ ಪಕ್ಕಕ್ಕೆ ಕೆಂಪು ರಂಜಕ ಹಚ್ಚುವ ಸೇಫ್ಟಿ ಮ್ಯಾಚಸ್‌ನ ಬ್ರಿಟಿಷ್ ಪೇಟೆಂಟನ್ನು ಇದೇ ಕಂಪನಿ 1855ರಲ್ಲೇ ಕೊಂಡಿತ್ತು. ಆದರೆ ಬಿಳಿ ರಂಜಕದ ಕಡ್ಡಿ ಅಗ್ಗ. ಗೋಡೆಗೆ ಗೀರಿದರೂ ಹತ್ತುತ್ತಿತ್ತು. ಜನ ಅದನ್ನೇ ಕೇಳಿದರು, ಕಂಪನಿ ಅದನ್ನೇ ಮಾರಿ ಲಾಭ ಹಂಚಿತು.

ಹಾಗಾದರೆ ಕೊಂಡವರು ಪಾಪಿಗಳೇ? ನನಗೆ ಹಾಗೆನ್ನಿಸುವುದಿಲ್ಲ. ಅವರಲ್ಲಿ ಹಲವರು ಆ ಹುಡುಗಿಯರಷ್ಟೇ ಬಡವರು. ಒಂದು ಪೊಟ್ಟಣ ಕೊಂಡವನ ಪಾಲಿಗೆ ಬರುವ ತಪ್ಪು ಎಷ್ಟು ಸಣ್ಣದೆಂದರೆ ಅದು ಯಾರಿಗೂ ಭಾರ ಅನ್ನಿಸುವುದಿಲ್ಲ. ದವಡೆ ಕಳೆದುಕೊಂಡವಳಿಗೆ ಮಾತ್ರ ಆ ಚೂರುಗಳೆಲ್ಲ ಕೂಡಿಯೇ ಬರುತ್ತವೆ.

ಅಂಗಡಿಯ ಮುಂದೆ ನಿಂತು ಪ್ರತಿ ವಸ್ತುವಿನ ಜಾತಕ ನೋಡಲು ಯಾರಿಗೂ ಆಗದು. ಕೊನೆಗೆ ಬಿಳಿ ರಂಜಕವನ್ನು ಪೂರ್ತಿ ನಿಲ್ಲಿಸಿದ್ದು ಕೊಳ್ಳುವವರ ಕರುಣೆಯಲ್ಲ, 1908ರ ಬ್ರಿಟಿಷ್ ಕಾನೂನು. ಹಾಗೆಂದು ನಮ್ಮ ಹೊಣೆ ಮುಗಿಯುವುದಿಲ್ಲ. ಅದರ ಜಾಗ ಬದಲಾಗುತ್ತದೆ, ಅಷ್ಟೆ. ಮಾಡಿದವರು ಕೆಲಸ ನಿಲ್ಲಿಸಿ ಬೀದಿಗೆ ಬಂದಾಗ ನಾವು ಮೊದಲು ಕೇಳುವುದು ಏನನ್ನು? ನಮಗಾದ ತೊಂದರೆಯನ್ನೋ, ಅವರು ಹೇಳುತ್ತಿರುವುದನ್ನೋ? ಕೊಳ್ಳುವವನ ನೀತಿಯನ್ನು ನಾನು ಅಲ್ಲಿ ಅಳೆಯುತ್ತೇನೆ. ನಮ್ಮ ಬೆಂಕಿಪೊಟ್ಟಣದ ಮೇಲೆ ಇಂದಿಗೂ ಸೇಫ್ಟಿ ಎಂಬ ಮಾತಿರುತ್ತದೆ. ಯಾರ ಸುರಕ್ಷತೆ ಎಂದು ಮೊದಲು ಕೇಳಬೇಕಾಗಿ ಬಂದದ್ದು ಅದನ್ನು ಮಾಡಿದ ಕೈಗಳೇ.