ಮಾತು ಬರುವತನಕ

“ಅವರ ಅಪ್ಪನೂ ಮೂರು ವರ್ಷಕ್ಕ ಬಾಯಿ ಬಿಟ್ಟಿದ್ದ. ಗಂಡುಹುಡುಗರು ತಡಾನ ಮಾತಾಡ್ತಾವು, ಗಡಿಬಿಡಿ ಮಾಡಬ್ಯಾಡವಾ.” ಎರಡು ವರ್ಷದ ಮಗು ಇನ್ನೂ ‘ಅವ್ವ’ ಅನ್ನದಿದ್ದಾಗ ಹಾವೇರಿ ಕಡೆಯ ಮನೆಗಳಲ್ಲಿ ಸೊಸೆಗೆ ಸಿಗುವ ಸಮಾಧಾನ ಇದು. ಹೇಳುವ ಅಜ್ಜಿಯ ಪ್ರೀತಿಯಲ್ಲಿ ಕಪಟವಿಲ್ಲ, ಮಾತಿನಲ್ಲಿ ಒಂದಿಷ್ಟು ನಿಜವೂ ಇದೆ. ತಡವಾಗಿ ಶುರುಮಾಡಿದ ಎಷ್ಟೋ ಮಕ್ಕಳು ತಾವಾಗಿಯೇ ಓರಗೆಯವರನ್ನು ಕೂಡಿಕೊಳ್ಳುತ್ತವೆ. ಆದರೆ ಯಾವ ಮಗು ಹಾಗೆ ಕೂಡಿಕೊಳ್ಳುತ್ತದೆ, ಯಾವ ಮಗುವಿಗೆ ಕಿವಿಯೇ ಕೇಳುತ್ತಿಲ್ಲ ಎಂಬುದು ಪಡಸಾಲೆಯಲ್ಲಿ ಕೂತು ಗೊತ್ತಾಗುವಂಥದ್ದಲ್ಲ. ಬಾಗಿಲು ದಪ್ಪನೆ ಬಡಿದರೆ ತಿರುಗಿ ನೋಡುವ ಮಗುವಿಗೂ ಮಾತಿನ ಸಣ್ಣ ದನಿಗಳು ಕೇಳಿಸದೆ ಇರಬಹುದು. ಬಜೆ ತೇಯ್ದು ನಾಲಿಗೆಗೆ ಹಚ್ಚುವವರನ್ನು, ಹರಕೆ ಹೊರುವವರನ್ನು ನಾನು ಹಳಿಯಲಾರೆ. ಕಿವಿಯ ಪರೀಕ್ಷೆ ಮಾತ್ರ ಅದಕ್ಕಾಗಿ ಮುಂದಕ್ಕೆ ಹೋಗಬಾರದು.

ಮಾತಿಗೆ ಈ ನೆಲ ಕೊಟ್ಟ ಗೌರವ ದೊಡ್ಡದು. ಕನಕದಾಸರ ಕಾಗಿನೆಲೆ ಇರುವುದು ಬ್ಯಾಡಗಿ ತಾಲ್ಲೂಕಿನಲ್ಲಿ. ಶರೀಫರ ಶಿಶುನಾಳವೂ ಇದೇ ಜಿಲ್ಲೆಯದು. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರಾ ಹೊತ್ತಿಗೆ ಗೊರವಪ್ಪ ಬಿಲ್ಲೇರಿ ‘ಸದ್ದಲೇ’ ಎಂದರೆ ಸಾವಿರಾರು ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಅವನು ನುಡಿಯುವ ಭವಿಷ್ಯವಾಣಿ, ಅಂದರೆ ಕಾರ್ಣಿಕ, ಒಂದೇ ಸಾಲು. ಅದು ಮಳೆಗೆ ಏನು ಹೇಳಿತು, ಬೆಳೆಗೆ ಏನು, ರಾಜಕೀಯಕ್ಕೆ ಏನು ಎಂದು ಕಟ್ಟೆಕಟ್ಟೆಯಲ್ಲಿ ಬಿಡಿಸುತ್ತ ಕೂರುತ್ತೇವೆ. ಕಾರ್ಣಿಕದ ಒಗಟಿಗೆ ಇಷ್ಟು ತಾಳ್ಮೆ ಇರುವ ನಾವು, ಮಗುವೊಂದು ತಟ್ಟೆ ನೂಕಿ, ಸೆರಗು ಜಗ್ಗಿ, ನೆಲಕ್ಕೆ ಬಿದ್ದು ಹೊರಳಾಡಿ ಹೇಳಿದ್ದನ್ನು ‘ಹಟ’ ಎಂದು ಮುಗಿಸಿಬಿಡುತ್ತೇವೆ. ಮಾತಾಡಲು ಕಲಿಯುವುದು ಮಗುವಿನ ಕೆಲಸವಾದರೆ ಅದನ್ನು ಅರ್ಥ ಮಾಡಿಕೊಳ್ಳುವುದು ದೊಡ್ಡವರ ಕೆಲಸ, ಮತ್ತು ಮೊದಲು ಆಗಬೇಕಾದ ಕೆಲಸ.

ಮಾತು ತಡವಾದ ಮಗು ವಾರಕ್ಕೊಮ್ಮೆ ಸ್ಪೀಚ್ ಥೆರಪಿಸ್ಟ್ ಎದುರು ಕೂರುವುದು ಚಿಕಿತ್ಸೆಯ ಸಣ್ಣ ಪಾಲು. ಉಳಿದದ್ದೆಲ್ಲ ಮನೆಯಲ್ಲಿ ನಡೆಯುವಂಥದ್ದು: ಮಗುವಿನ ಕಣ್ಣಿನ ಮಟ್ಟಕ್ಕೆ ಇಳಿದು ಕೂತು, ಅದು ನೋಡುತ್ತಿರುವುದರ ಹೆಸರನ್ನೇ ಹೇಳಿ, “ಅನ್ನು, ಅನ್ನು” ಎಂದು ಪೀಡಿಸದೆ ಕಾಯಬೇಕು. ಇದರ ಜೊತೆಗೆ ನೀರು, ಊಟ, ಸಾಕು, ಇನ್ನೂ ಬೇಕು, ನೋವು ಎಂಬಷ್ಟಕ್ಕೆ ಕೈಸನ್ನೆ ಕಲಿಸಿ, ಪ್ರತಿ ಸನ್ನೆಗೂ ಬಾಯಿಂದ ಮಾತು ಸೇರಿಸಬೇಕು. ತುಟಿ, ನಾಲಿಗೆ, ಉಸಿರು ಒಂದಾಗಿ ಪಳಗುವ ಮುಂಚೆಯೇ ಮಗುವಿನ ಕೈ ಪಳಗಿರುತ್ತದೆ. ಬೇಕಾದದ್ದನ್ನು ಕೈಯಿಂದ ಕೇಳಿ ಪಡೆದ ಮಗುವಿನ ಅಳು, ರಂಪ ಎಷ್ಟೋ ತಗ್ಗುತ್ತದೆ. ಸನ್ನೆ ಕಲಿತರೆ ಮಾತಿಗೆ ಸೋಮಾರಿಯಾಗುತ್ತದೆ ಎಂಬ ಹೆದರಿಕೆಗೆ ಸಂಶೋಧನೆಗಳಲ್ಲಿ ಆಧಾರ ಸಿಕ್ಕಿಲ್ಲ. ದನದ ಸಂತೆಯಲ್ಲಿ ಟವೆಲ್ಲಿನ ಅಡಿ ಬೆರಳು ಹಿಡಿದು ಜೋಡೆತ್ತಿನ ಬೆಲೆ ಕುದುರಿಸುವ ನಮಗೆ ಮಗುವಿನ ಸನ್ನೆಯ ಬಗ್ಗೆ ನಾಚಿಕೆ ಏಕೆ?

ಕಿವಿ ಕೇಳದ ಮಗುವಿನ ವಿಷಯ ಇನ್ನೂ ಮುಂದಿನದು. ಅದಕ್ಕೆ ಸನ್ನೆಯೇ ಪೂರ್ಣ ಭಾಷೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಕಿವುಡು ಮಕ್ಕಳ ಶಾಲೆಗಳಿಂದ ಸನ್ನೆ ಭಾಷೆಯನ್ನು ಹೊರಹಾಕಲು ನಿರ್ಣಯಿಸಿತು. ಆ ನಿರ್ಣಯವನ್ನು ಅದೇ ಸರಣಿಯ ಸಮ್ಮೇಳನ ತಳ್ಳಿಹಾಕಿ ವಿಷಾದ ಹೇಳಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ. ನಡುವೆ 130 ವರ್ಷ ಎಷ್ಟು ತಲೆಮಾರುಗಳ ಕೈ ಕಟ್ಟಿಹಾಕಿದರೋ! ಅಂಥ ತಪ್ಪನ್ನು ನಮ್ಮ ಮನೆಗಳಲ್ಲಿ ನಾವು ಮಾಡಬೇಕಿಲ್ಲ. ಭಾರತೀಯ ಸನ್ನೆ ಭಾಷೆಗೆಂದೇ 2015ರಲ್ಲಿ ದೆಹಲಿಯಲ್ಲಿ ಕೇಂದ್ರ ಸಂಸ್ಥೆ ಹುಟ್ಟಿತು. ಅದರ ನಿಘಂಟು ವಿಡಿಯೊ ರೂಪದಲ್ಲಿದೆ, ಮೊಬೈಲಿನಲ್ಲೇ ನೋಡಿ ಕಲಿಯಬಹುದು.

ಇಷ್ಟು ಹೇಳುವುದು ಸುಲಭ, ನಡೆಸುವುದು ಕಷ್ಟ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು ಬಿಡಿಸಿ ದಿನಗೂಲಿ ಪಡೆಯುವ ತಾಯಿ ಮಗುವನ್ನು ಕರೆದುಕೊಂಡು ಬಸ್ ಹತ್ತಿದರೆ ಅಂದಿನ ಕೂಲಿ ಹೋಯಿತು. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ದೊಡ್ಡ ಜಾಗ ನಮ್ಮ ರಾಜ್ಯದ ಮೈಸೂರಿನಲ್ಲೇ ಇದ್ದರೂ, ಇಲ್ಲಿಂದ ಅದು ಒಂದು ರಾತ್ರಿಯ ದಾರಿ. ಮೇಲೆ ಊರಿನವರ ಮಾತು: “ಮೊಬೈಲ್ ಕೊಟ್ಟು ಹಾಳು ಮಾಡಿದ್ಳು.” ಮಗುವಿನ ತೊಂದರೆಗೆ ತಾಯಿಯನ್ನು ಹೊಣೆ ಮಾಡುವುದು ಕ್ರೌರ್ಯ. ಗಂಡ, ಅತ್ತೆ, ಮೈದುನ ಎಲ್ಲರೂ ಆ ನಾಲ್ಕಾರು ಸನ್ನೆ ಕಲಿತರೆ ಅವಳ ಭಾರ ಅರ್ಧವಾಗುತ್ತದೆ.

2013ರಿಂದ ನಡೆದಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಶ್ರವಣದೋಷ, ಮಾತಿನ ವಿಳಂಬ ಎರಡೂ ಅವರ ತಪಾಸಣೆಯ ಪಟ್ಟಿಯಲ್ಲಿವೆ, ಖರ್ಚಿಲ್ಲ. ತಂಡ ಯಾವಾಗ ಬರುತ್ತದೆಂದು ಅಂಗನವಾಡಿ ಅಕ್ಕನವರನ್ನು ಕೇಳಿ. ಒಂದೂವರೆ ವರ್ಷ ದಾಟಿದರೂ ಮಗು ಒಂದು ಮಾತೂ ಆಡದಿದ್ದರೆ ಅವರು ಬರುವತನಕವೂ ಕಾಯಬೇಡಿ. ಈ ವಾರವೇ ಜಿಲ್ಲಾ ಆಸ್ಪತ್ರೆಗೆ ಹೋಗಿ ಕಿವಿ ತೋರಿಸಿ.