ಕಿರಣಕ್ಕೆ ತಲಪುವ ಊರು ಗೊತ್ತೇ?

2001ರ ಜನವರಿ 26ರಂದು ಭುಜ್ ಬಳಿ ನೆಲ ನಡುಗಿದಾಗ ಹೊರಟ ಅಲೆಗಳು ಕೆಲವೇ ನಿಮಿಷಗಳಲ್ಲಿ ದಕ್ಷಿಣ ಭಾರತವನ್ನು ದಾಟಿದವು. ಗೌರಿಬಿದನೂರಿನ ಕಂಪನಮಾಪಕಗಳನ್ನು ಮೊದಲು ಮುಟ್ಟಿದ ಅಲೆ ಯಾವ ದಾರಿ ಹಿಡಿದಿರಬೇಕು? ನೇರ ದಾರಿಯನ್ನಂತೂ ಅಲ್ಲ. ಭೂಮಿಯ ಮೇಲಿನ ಚಿಪ್ಪಿನಲ್ಲಿ ಸೆಕೆಂಡಿಗೆ ಸುಮಾರು 6 ಕಿ.ಮೀ. ಸಾಗುವ ಅಲೆ ಅದರಡಿಯ ಪದರದಲ್ಲಿ 8 ಕಿ.ಮೀ. ಸಾಗುತ್ತದೆ. ಸುತ್ತಾದರೂ ಸರಿ ಎಂದು ಹೆದ್ದಾರಿ ಹಿಡಿಯುವ ಡ್ರೈವರನಂತೆ ಅದು ಆಳಕ್ಕಿಳಿದು, ಬಾಗಿ, ಮೇಲೆದ್ದು ಬರುತ್ತದೆ.

ತೊಡಕಿರುವುದು ಈ ಹೋಲಿಕೆಯಲ್ಲೇ. ಡ್ರೈವರನಿಗೆ ಊರು ಗೊತ್ತು. ಅಲೆಗೆ?

ಈ ದಾರಿಯನ್ನು ಕಂಪ್ಯೂಟರಿನಲ್ಲಿ ಹುಡುಕುವುದಕ್ಕೆ ರೇ ಟ್ರೇಸಿಂಗ್ ಎನ್ನುತ್ತಾರೆ. ಒಂದು ಪದ್ಧತಿಯಲ್ಲಿ ಕಂಪನದ ಮೂಲದಿಂದ ಯಾವುದೋ ಕೋನದಲ್ಲಿ ಕಿರಣ ಹೊಡೆದು, ವೇಗ ಬದಲಾದಲ್ಲೆಲ್ಲ ಸ್ನೆಲ್ ನಿಯಮದಂತೆ ಬಾಗಿಸುತ್ತ ಹೋಗುತ್ತಾರೆ; ಗುರಿ ತಪ್ಪಿದರೆ ಕೋನ ತಿದ್ದಿ ಮತ್ತೆ ಹೊಡೆತ. ಇನ್ನೊಂದರಲ್ಲಿ ಎರಡೂ ತುದಿಗಳನ್ನು ಮೊದಲೇ ಬಿಗಿದು, ನಡುವೆ ಹೇಗೋ ಒಂದು ಗೆರೆಯೆಳೆದು, ಪ್ರಯಾಣದ ಸಮಯ ಇನ್ನು ಇಳಿಯದು ಎನ್ನುವವರೆಗೆ ಗೆರೆಯನ್ನು ಜಗ್ಗುತ್ತಾರೆ. ಮೊದಲನೆಯದು ಕಾರಣದ ಭಾಷೆ, ಹಿಂದಿನ ಹೆಜ್ಜೆ ಮುಂದಿನದನ್ನು ನಿರ್ಧರಿಸುತ್ತದೆ. ಎರಡನೆಯದು ಉದ್ದೇಶದ ಭಾಷೆ, ತಲಪಬೇಕಾದ ಜಾಗವೇ ದಾರಿಯನ್ನು ಆರಿಸಿದಂತಿದೆ. ಸಿಗುವ ಗೆರೆ ಮಾತ್ರ ಒಂದೇ!

ಬೆಳಕಿನ ವಿಷಯದಲ್ಲಿ ಈ ಜಗಳ 1662ರಷ್ಟು ಹಳೆಯದು. ಬೆಳಕು ಅತಿ ಕಡಿಮೆ ಸಮಯದ ದಾರಿ ಹಿಡಿಯುತ್ತದೆ ಎಂದ ಗಣಿತಜ್ಞ ಫರ್ಮಾನ ಮಾತನ್ನು ತತ್ತ್ವಜ್ಞಾನಿ ಡೆಕಾರ್ಟನ ಅನುಯಾಯಿ ಕ್ಲೆರ್ಸೆಲಿಯೆ ಒಪ್ಪಲಿಲ್ಲ. ಮುಂದಾಲೋಚನೆಯೇ ಇಲ್ಲದ ಪ್ರಕೃತಿಗೆ ಆಯ್ಕೆ ಎಲ್ಲಿಂದ ಬಂತು ಎಂಬುದು ಅವನ ತಕರಾರು. ತಕರಾರು ನ್ಯಾಯವಾದದ್ದೇ, ಫರ್ಮಾನ ಲೆಕ್ಕವೂ ಸುಳ್ಳಲ್ಲ. ಏಕೆಂದರೆ ಅಲೆ ಯಾವ ದಾರಿಯನ್ನೂ ಆರಿಸುವುದಿಲ್ಲ, ಎಲ್ಲ ದಿಕ್ಕಿಗೂ ಹರಡುತ್ತದೆ. ದಾರಿಯನ್ನು ತುಸು ಕದಲಿಸಿದರೂ ಸಮಯ ಬದಲಾಗದ ಕಡೆ ಅಕ್ಕಪಕ್ಕದ ಕಂಪನಗಳು ಒಟ್ಟಿಗೆ ಬಂದು ಬಲಗೊಳ್ಳುತ್ತವೆ. ಉಳಿದೆಡೆ ಒಂದನ್ನೊಂದು ಅಳಿಸುತ್ತವೆ. ಅಳಿಯದೆ ಉಳಿದದ್ದನ್ನು ನಾವು ಕಿರಣ ಎನ್ನುತ್ತೇವೆ.

ಪ್ರಕೃತಿಯ ಈ ಮಿತವ್ಯಯದಲ್ಲಿ ದೇವರ ಕೈ ಕಂಡವರೂ ಇದ್ದರು, 18ನೇ ಶತಮಾನದ ವಿಜ್ಞಾನಿ ಮೋಪೆರ್ತ್ವಿ ಅವರಲ್ಲೊಬ್ಬ. ಪಾಪ, ಅವನಿಗೆ ಪಿಪಿ ಅಲೆಯ ಪರಿಚಯವಿರಲಿಲ್ಲ. ದೂರದ ಭೂಕಂಪದಿಂದ ಹೊರಟು, ನಡುದಾರಿಯಲ್ಲಿ ಒಳಗಿನಿಂದಲೇ ನೆಲದ ಮೇಲ್ಮೈಗೆ ಬಡಿದು, ಮತ್ತೆ ಮುಳುಗಿ ಬರುವ ಅಲೆಯಿದು. ಬಡಿಯುವ ಬಿಂದುವನ್ನು ದಾರಿಯುದ್ದಕ್ಕೆ ಹಿಂದೆಮುಂದೆ ಸರಿಸಿದರೆ ಸಮಯ ಇಳಿಯುತ್ತದೆ, ಅಡ್ಡಕ್ಕೆ ಸರಿಸಿದರೆ ಏರುತ್ತದೆ. ಅತಿ ಕಡಿಮೆ ಸಮಯವನ್ನೇ ಹುಡುಕುವಂತೆ ಬರೆದ ಪ್ರೋಗ್ರಾಮ್‌ಗೆ ಇದು ಸಿಗುವುದೇ ಇಲ್ಲ. ಕಂಪನಮಾಪಕದ ದಾಖಲೆಯಲ್ಲಿ ಮಾತ್ರ ಎದ್ದು ಕಾಣುತ್ತದೆ.