ಕುರುಹು ಮತ್ತು ಅರಿವು: ತರಗತಿಯ ಪರದೆಯ ಬಗ್ಗೆ ಒಂದು ವಿಚಾರ

ಪ್ರಾಥಮಿಕ ಶಾಲೆಯ ಎಲ್ಲ ವಿಷಯಗಳ ಬೋಧನೆಗೂ ಕಂಪ್ಯೂಟರನ್ನು ಬಳಸಬೇಕೆ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಅನುದಾನ, ವಿದ್ಯುತ್ತು, ತರಬೇತಿಗಳ ಲೆಕ್ಕದಲ್ಲಿ ಚರ್ಚಿಸಲಾಗುತ್ತದೆಯಾದರೂ ಅದರ ಬುಡದಲ್ಲಿರುವುದು ಜ್ಞಾನಮೀಮಾಂಸೆಯ, ಅಂದರೆ ಅರಿವು ಹೇಗೆ ಹುಟ್ಟುತ್ತದೆ ಎಂಬುದನ್ನು ವಿಚಾರಿಸುವ ಶಾಸ್ತ್ರದ ಪ್ರಶ್ನೆ. ಇದನ್ನು ಶಿವಮೊಗ್ಗ ಮತ್ತು ಭದ್ರಾವತಿಗಳಲ್ಲಿ ನಿಂತು ಕೇಳುವುದಕ್ಕೆ ಕಾರಣವಿದೆ. ಅಲ್ಲಮಪ್ರಭುವಿನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಬಳ್ಳಿಗಾವಿಯೂ ಅಕ್ಕಮಹಾದೇವಿಯ ಉಡುತಡಿಯೂ ಇದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನವು. ಅವರಂಥ ಶರಣರ ಚಿಂತನೆಯಲ್ಲಿ ಮತ್ತೆ ಮತ್ತೆ ಎದುರಾಗುವ ಕುರುಹು ಮತ್ತು ಅರಿವು ಎಂಬ ಎರಡು ಪದಗಳು ಈ ಚರ್ಚೆಗೆ ಹೊರಗಿನಿಂದ ತರಬಹುದಾದ ಯಾವ ಪರಿಭಾಷೆಗಿಂತಲೂ ಹೆಚ್ಚು ಬೆಳಕು ಕೊಡುತ್ತವೆ. ಕುರುಹು ಎಂದರೆ ಕಣ್ಣಿಗೆ ಕಾಣುವ, ಕೈಗೆ ಸಿಗುವ ಗುರುತು. ಅರಿವು ಎಂದರೆ ಆ ಗುರುತನ್ನು ಹಿಡಿದು ಮುಟ್ಟಬೇಕಾದ ನೆಲೆ. ಅಂಗೈಯ ಇಷ್ಟಲಿಂಗ ಸಾಧಕನಿಗೆ ಕುರುಹು. ಅದಿಲ್ಲದೆ ದಾರಿಯಿಲ್ಲ, ಆದರೆ ಅದರಲ್ಲೇ ನಿಂತುಬಿಟ್ಟವನಿಗೆ ಮುಂದಿನದು ದಕ್ಕುವುದಿಲ್ಲ.

ತರಗತಿಯ ಪರದೆಯೂ ಒಂದು ಕುರುಹು. ಅದು ಎಲ್ಲಿಯವರೆಗೆ ಕೊಂಡೊಯ್ಯಬಲ್ಲದೆಂಬುದನ್ನು ನ್ಯಾಯದರ್ಶನದ ನೆರವಿನಿಂದ ನೋಡಬಹುದು. ನ್ಯಾಯದರ್ಶನವು ಪ್ರಮಾಣಗಳನ್ನು, ಎಂದರೆ ಸರಿಯಾದ ತಿಳಿವಳಿಕೆಯ ಸಾಧನಗಳನ್ನು, ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕಾಗಿ ಎಣಿಸುತ್ತದೆ. ಉಪಮಾನಕ್ಕೆ ಅದು ಕೊಡುವ ಉದಾಹರಣೆ ಪ್ರಸಿದ್ಧವಾದುದು: ಗವಯವೆಂಬ ಕಾಡುಪ್ರಾಣಿ ಹಸುವಿನಂತಿರುತ್ತದೆ ಎಂದು ಕೇಳಿ ತಿಳಿದವನು ಕಾಡಿಗೆ ಹೋಗಿ, ಅಂಥ ಪ್ರಾಣಿಯನ್ನು ಕಂಡು, ಗವಯವೆಂದರೆ ಇದೇ ಎಂದು ಗುರುತಿಸುತ್ತಾನೆ. ಮಾತು ಇಲ್ಲಿ ನೋಟವನ್ನು ಸಿದ್ಧಗೊಳಿಸಿತು, ಆದರೆ ತಿಳಿವಳಿಕೆ ಪೂರ್ಣವಾದದ್ದು ಕಾಡಿನಲ್ಲಿ. ಶಿವಮೊಗ್ಗದ ಮಗುವಿಗೆ ಪರದೆಯ ಮೇಲೆ ಆನೆಯನ್ನು ತೋರಿಸಿ ಪಾಠ ಮುಗಿಯಿತೆಂದರೆ, ಕಾಡಿಗೆ ಹೋಗುವ ಆ ಅರ್ಧವೇ ಬಿಟ್ಟುಹೋಗುತ್ತದೆ. ತುಂಗೆಯ ಹಿನ್ನೀರಿನಲ್ಲಿ ಆನೆಗಳು ಸ್ನಾನ ಮಾಡುವ ಸಕ್ರೆಬೈಲು ಬಿಡಾರ ನಗರದಿಂದ ಸುಮಾರು 14 ಕಿ.ಮೀ. ದೂರದಲ್ಲಷ್ಟೇ ಇದೆ. ಆನೆಯ ವಾಸನೆ, ಅದರ ಮೈಯ ಒರಟು, ಮಾವುತನ ಮಾತಿಗೆ ಅದು ಓಗೊಡುವ ರೀತಿ, ಇವು ಯಾವ ಚಿತ್ರದಲ್ಲೂ ಇಲ್ಲ.

ಹಾಗೆಂದು ಯಂತ್ರವನ್ನು ತಳ್ಳಿಹಾಕುವುದು ವಿವೇಕವಲ್ಲ. ಪ್ರತ್ಯಕ್ಷಕ್ಕೆ ಎಟುಕದ ವಸ್ತುಗಳಿವೆ: ಗ್ರಹಗಳ ಚಲನೆ, ಹನಿ ನೀರಿನೊಳಗಿನ ಸೂಕ್ಷ್ಮಜೀವಿ, ಹೃದಯದ ಬಡಿತದ ಒಳಬಗೆ. ಕಣ್ಣು ಕಾಣದ ಮಗುವಿಗೆ ಅಕ್ಷರವನ್ನು ದನಿಯಾಗಿಸಿ ಓದಿಹೇಳುವ ತಂತ್ರಾಂಶ ತೆರೆದುಕೊಟ್ಟ ಬಾಗಿಲು ಸಣ್ಣದೇನಲ್ಲ. 2017ರಲ್ಲಿ ಆರಂಭವಾದ ದೀಕ್ಷಾ ಎಂಬ ಆನ್‌ಲೈನ್ ಕಲಿಕಾ ವೇದಿಕೆಯ ಮೂಲಕ ಪಠ್ಯಪುಸ್ತಕದ ಕ್ಯೂಆರ್ ಸಂಕೇತದಿಂದ ದೃಶ್ಯಪಾಠಗಳನ್ನು ಪಡೆಯಬಹುದಾದದ್ದು ಹಳ್ಳಿಯ ಶಿಕ್ಷಕರಿಗೂ ಒದಗಿದ ಬಲವೇ ಸರಿ.

ಆದರೆ ತೊಡಕು ಹುಟ್ಟುವುದು ‘ಎಲ್ಲ ವಿಷಯಗಳಲ್ಲಿ’ ಎಂಬ ಮಾತಿನಲ್ಲಿ. ಗಣಿತದಲ್ಲಿ ಅಳೆಯುವುದು, ಭಾಷೆಯಲ್ಲಿ ಬಾಯಿಬಿಟ್ಟು ಓದುವುದು, ಪರಿಸರ ಅಧ್ಯಯನದಲ್ಲಿ ಮಣ್ಣನ್ನು ಮುಟ್ಟುವುದು, ಸಂಗೀತದಲ್ಲಿ ಉಸಿರು ಹಿಡಿಯುವುದು ದೇಹದ ಬೇರೆಬೇರೆ ಕ್ರಿಯೆಗಳಾಗಿದ್ದು, ವಿಷಯಗಳು ಮಗುವಿಗೆ ಬೇರೆಬೇರೆಯಾಗಿ ಅನುಭವಕ್ಕೆ ಬರುವುದೇ ಈ ವ್ಯತ್ಯಾಸದಿಂದ. ಎಲ್ಲವೂ ಒಂದೇ ಗಾಜಿನ ಮೇಲೆ, ಒಂದೇ ಬೆರಳಿನ ಜಾರುವಿಕೆಯಲ್ಲಿ ಬಂದಾಗ ವಿಷಯಗಳು ಹತ್ತಿರವಾದಂತೆ ತೋರಿದರೂ ಅನುಭವಗಳು ಒಂದಾಗಿ ಕರಗಿಹೋಗುತ್ತವೆ. ಭದ್ರಾವತಿಯ ಮಗು ಕಬ್ಬಿಣದ ಪಾಠವನ್ನು ಚಲಿಸುವ ಚಿತ್ರದಲ್ಲಿ ನೋಡಬಹುದು; ಆದರೆ ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು ಸೇರಿ 1923ರಲ್ಲಿ ಕಬ್ಬಿಣವಾಗಿ ಹರಿಯತೊಡಗಿದ್ದು ಅದರದೇ ಊರಿನಲ್ಲಿ. ಆ ಪಾಠದಲ್ಲಿ ವಿಜ್ಞಾನವಿದೆ, ಚರಿತ್ರೆಯಿದೆ, ಕಾಡಿನ ಅಳಿವಿನ ನೋವೂ ಇದೆ. ಬಹುಶಃ ಆ ಮಗುವಿನ ಅಜ್ಜನೇ ಆ ನೋವಿಗೆ ಸಾಕ್ಷಿ. ವಿಷಯಗಳನ್ನು ಕೂಡಿಸಬಲ್ಲದ್ದು ಇಂಥ ನೆಲ. ಬಳ್ಳಿಗಾವಿಯ ಕೋಡಿಯ ಮಠವನ್ನು ಬಣ್ಣಿಸುವ 1162ರ ಶಾಸನವು ವ್ಯಾಕರಣ, ದರ್ಶನ, ಪುರಾಣ, ಕಾವ್ಯ, ನಾಟಕಗಳ ಅಧ್ಯಯನದ ಜೊತೆಯಲ್ಲೇ ದೀನರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಹೇಳುತ್ತದೆ. ಅಲ್ಲಿ ವಿದ್ಯೆಗಳನ್ನು ಒಂದಾಗಿ ಹಿಡಿದದ್ದು ಒಂದು ಬದುಕು.

ಇದಕ್ಕೆ ಬಲವಾದ ಆಕ್ಷೇಪವೊಂದುಂಟು: ಕಾಗದವೂ ಕುರುಹೇ ಅಲ್ಲವೆ? 1936ರಲ್ಲಿ ಸ್ಥಾಪನೆಯಾದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ದಶಕಗಳ ಕಾಲ ಬರವಣಿಗೆಯ ಕಾಗದವನ್ನು ತಯಾರಿಸಿತಾದರೂ ಅದರಿಂದ ಅರಿವು ಕೆಟ್ಟಿತೆಂದು ಯಾರೂ ದೂರಲಿಲ್ಲ. ಆಕ್ಷೇಪ ನ್ಯಾಯವಾದುದು, ಉತ್ತರ ಇರುವುದು ಬಳಕೆಯ ಬಗೆಯಲ್ಲಿ. ಖಾಲಿ ಹಾಳೆ ಮಗು ಬರೆಯುವವರೆಗೂ ಕಾಯುತ್ತದೆ, ಪರದೆ ಕಾಯದೆ ತಾನೇ ಮುಂದಕ್ಕೆ ಓಡುತ್ತದೆ. ಲೋಗೋ ಎಂಬ ಗಣಕಭಾಷೆಯನ್ನು ಮಕ್ಕಳಿಗಾಗಿ ರೂಪಿಸಿದವರಲ್ಲೊಬ್ಬರಾದ ಸೀಮರ್ ಪ್ಯಾಪರ್ಟ್, 1980ರ ತಮ್ಮ ಗ್ರಂಥದಲ್ಲಿ ಯಂತ್ರ ಮಗುವನ್ನು ನಡೆಸಬಾರದು, ಮಗುವೇ ಯಂತ್ರವನ್ನು ನಡೆಸಬೇಕು ಎಂದು ವಾದಿಸಿದ್ದು ಇದೇ ಕಾರಣಕ್ಕೆ. ಮಗು ಆಜ್ಞೆ ಕೊಟ್ಟು, ತಪ್ಪಿ, ತಿದ್ದಿಕೊಳ್ಳುವ ಕಡೆ ಕಂಪ್ಯೂಟರ್ ಮತ್ತೆ ಸ್ಲೇಟಾಗುತ್ತದೆ. ಇದಕ್ಕೆ ಯಂತ್ರವೇ ಬೇಕೆಂದೂ ಇಲ್ಲ: 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿ ಬರಿಯ ಕಾರ್ಡುಗಳಿಂದಲೇ, ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯಬಹುದೆಂದು ತೋರಿಸಿಕೊಟ್ಟಿತು.

ಕಲಿಕೆಗೆ ಗುರು ಎದುರಿಗೇ ಇರಬೇಕೆ ಎಂಬ ಸಾನ್ನಿಧ್ಯದ ಪ್ರಶ್ನೆ, ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ ರಾಜ್ಯಕ್ಕೇ ಎದುರಾಯಿತು. ಆ ಜೂನ್‌ನಲ್ಲಿ ಸರ್ಕಾರ ಐದನೆಯ ತರಗತಿಯವರೆಗಿನ ಆನ್‌ಲೈನ್ ಪಾಠವನ್ನು ನಿಷೇಧಿಸಲು ಹೊರಟಿತು, ಜುಲೈನಲ್ಲಿ ಹೈಕೋರ್ಟ್ ಆ ಆದೇಶವನ್ನು ತಡೆಹಿಡಿಯಿತು. ಮುಂದೆ ವಿದ್ಯಾಗಮ ಯೋಜನೆಯಲ್ಲಿ ಶಿಕ್ಷಕರು ದೇವಸ್ಥಾನದ ಅಂಗಳಗಳಿಗೆ, ಮರದ ನೆರಳಿಗೆ ಹೋಗಿ ಕಲಿಸಿದರು. ಫೋನಿಲ್ಲದ ಮಗುವಿನ ಬಳಿಗೆ ಗುರುವೇ ನಡೆದುಹೋದದ್ದು ಆ ವರ್ಷದ ನಿಜವಾದ ಪಾಠ.

ಆದ್ದರಿಂದ ಎರಡೂ ಊರುಗಳ ಶಿಕ್ಷಕರಲ್ಲಿ ಒಂದು ವಿನಂತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಾಲೆಯ ಅಂಗಳದಲ್ಲಿ ಮಕ್ಕಳು ಮಳೆಯನ್ನು ಸೀಸೆಯಲ್ಲಿ ಅಳೆಯಲಿ. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳ ಬಗ್ಗೆ ಅಜ್ಜಿಯರು ಆಡುವ ಮಾತುಗಳನ್ನು ದಾಖಲಿಸಲಿ. ಶಿವಮೊಗ್ಗದ ಲೆಕ್ಕವೂ ಭದ್ರಾವತಿಯ ಲೆಕ್ಕವೂ ಕಂಪ್ಯೂಟರಿನಲ್ಲಿ ಒಂದೇ ಕೋಷ್ಟಕವಾಗಿ, ನಕ್ಷೆಯಾಗಿ, ಕನ್ನಡದ ವರದಿಯಾಗಿ ಬೆಳೆಯಲಿ. ಗಂಗಾಮೂಲದಲ್ಲಿ ಹುಟ್ಟಿ ಬೇರೆಬೇರೆ ದಾರಿ ಹಿಡಿದ ತುಂಗೆ ಮತ್ತು ಭದ್ರೆ ಮತ್ತೆ ಒಂದಾಗುವುದು ಕೂಡ್ಲಿಯಲ್ಲಿ. ಮಳೆಗಾಲ ಮುಗಿದ ಮೇಲೆ ಎರಡೂ ತರಗತಿಗಳನ್ನು ಅಲ್ಲಿಗೆ ಕರೆದೊಯ್ಯಬೇಕು. ಶಿವಮೊಗ್ಗದಿಂದ ಅದು ಸುಮಾರು 16 ಕಿ.ಮೀ. ದೂರ.